ನೀಲಾಳ ಕುರ್ಚಿ ಕಾಡಿಗೆ ಹೋದದ್ದು

ಶಿರಸಿ

ಶಿರಸಿಯಲ್ಲಿ ನಾವು ಇಳಿದುಕೊಂಡ ಲಾಡ್ಜಿನ ಬಚ್ಚಲುಮನೆಯ ಬಾಗಿಲು ಇಪ್ಪತ್ತೆರಡು ಇಂಚು. ನನ್ನ ಮಗಳು ನೀಲಾಳ ಗಾಲಿಕುರ್ಚಿ ಇಪ್ಪತ್ತೈದು ಇಂಚು. ಹೊರಡುವ ಮೊದಲು ಫೋನಿನಲ್ಲಿ ಕೇಳಿದಾಗ ಮ್ಯಾನೇಜರು "ಎಲ್ಲ ಅನುಕೂಲ ಇದೆ ಮೇಡಂ" ಅಂದಿದ್ದರು. ಸುಳ್ಳೇನೂ ಹೇಳಿರಲಿಲ್ಲ. ಬಿಸಿನೀರು ಇತ್ತು, ಟೀವಿ ಇತ್ತು, ಕಿಟಕಿ ತೆರೆದರೆ ಬಸ್ ನಿಲ್ದಾಣ ಕಾಣುತ್ತಿತ್ತು. ಬಾಗಿಲಿನ ಅಗಲವೂ ಒಂದು ಅನುಕೂಲ ಅಂತ ಅವರಿಗೆ ಹೊಳೆದಿರಲಿಲ್ಲ, ಅಷ್ಟೇ. ಕೈಚೀಲದಲ್ಲಿ ಸದಾ ಇರುವ ಅಳತೆಯ ಟೇಪನ್ನು ಮಡಚಿಟ್ಟು ನೀಲಾಳನ್ನು ಎತ್ತಿಕೊಂಡು ಒಳಗೆ ಹೋದೆ. ಹನ್ನೊಂದು ವರ್ಷದ ಹುಡುಗಿ, ಮೂವತ್ತೊಂದು ಕೇಜಿ. ಎತ್ತಿ ಇಳಿಸುವಷ್ಟರಲ್ಲಿ ನನ್ನ ಸೊಂಟದೊಳಗೆ ಏನೋ ಚುಳ್ಳೆಂದಿತು. ಮೊದಲ ದಿನದ ಬೆಳಗಿನ ಏಳು ಗಂಟೆ. ಇನ್ನೂ ಮೂರು ದಿನ ಇದೆಯಲ್ಲ ಅನ್ನಿಸಿತು.

ನಮ್ಮ ಮನೆ ಇರುವುದು ಮಸ್ಕತ್ತಿನಲ್ಲಿ. ನಾನು ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತೇನೆ. ಹುಟ್ಟಿ ಬೆಳೆದದ್ದು ರಾಯಚೂರು ಕಡೆ. ನೀಲಾ ಮಾತ್ರ ಹುಟ್ಟಿದ್ದೇ ಮಸ್ಕತ್ತಿನಲ್ಲಿ, ಹಾಗಾಗಿ ಈ ಪ್ರವಾಸ ಅವಳಿಗೆ ಪೂರ್ತಿ ಪರದೇಶ. ನನಗೂ ಹೆಚ್ಚುಕಡಿಮೆ ಹಾಗೆಯೇ. ರಾಯಚೂರಿನವಳಿಗೆ ಕಾಡು ಅಂದರೆ ಹೊಲದ ಬದುವಿನ ಜಾಲಿ. ಈ ಸೀಮೆಯನ್ನು ನಾನು ಕ್ಯಾಲೆಂಡರಿನಲ್ಲಿ ಕಂಡಿದ್ದೆ. ಮಸ್ಕತ್ತಿನಲ್ಲಿ ನಮ್ಮ ಬೀದಿಯಿಂದ ಆಸ್ಪತ್ರೆಯವರೆಗೆ, ಅಂಗಡಿಯವರೆಗೆ, ಸಮುದ್ರದ ದಂಡೆಯವರೆಗೂ ನೀಲಾಳ ಕುರ್ಚಿ ಎಲ್ಲೂ ತಡೆಯದೆ ಹೋಗುತ್ತದೆ. ಹೋದ ಕಡೆ ನೆರಳಿಗೆ ಮರ ಮಾತ್ರ ಇರುವುದಿಲ್ಲ.

ಅವಳದು ಸ್ನಾಯುಗಳು ನಿಧಾನವಾಗಿ ಸೊರಗುವ ಕಾಯಿಲೆ. ಕಾಲುಗಳ ಬಲ ಮೊದಲು ಹೋಯಿತು, ಕೈಗಳಲ್ಲಿ ಇನ್ನೂ ಇದೆ. ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಈಚೆಗೆ ಅವಳ ಭುಜ ಒತ್ತಿ ನೋಡಿ, ಬರುವ ಶಾಲಾ ವರ್ಷಕ್ಕೆ ಬ್ಯಾಟರಿ ಕುರ್ಚಿ ತೆಗೆದುಕೊಳ್ಳಿ, ಇರುವ ಬಲವನ್ನು ಊಟಕ್ಕೆ, ಬರೆಯುವುದಕ್ಕೆ ಉಳಿಸಿಕೊಳ್ಳಲಿ ಅಂದರು.  ಮನೆಗೆ ಬಂದ ಮೇಲೆ ನೀಲಾ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಯಾವುದೋ ಚಳಿದೇಶದ ಕಾಡು. ಮರಗಳ ನಡುವೆ ಹಲಗೆ ಹಾಸಿದ ದಾರಿ. ಅದರ ಮೇಲೆ ಗಾಲಿಕುರ್ಚಿಯ ಹುಡುಗನೊಬ್ಬ, ಹಿಂದೆ ಯಾರೂ ಇಲ್ಲ.

"ಬ್ಯಾಟರಿ ಬರೋದ್ರೊಳಗ ಒಂದು ಕಾಡಿಗೆ ಹೋಗಬೇಕಮ್ಮ. ನನ್ನ ಕೈಯಿಂದನ."

ನಮ್ಮ ಕಡೆಯೇ ಕಾಡಿದೆ, ಶಿರಸಿ ಅಂತ, ಅಂದೆ.

"ಅಲ್ಲಿ ನನ್ನ ಕುರ್ಚಿ ಹೋಗ್ತದಾ?"

"ಹೋಗ್ತದ" ಅಂದೆ. ನನಗೆ ಗೊತ್ತಿರಲಿಲ್ಲ.

ಅವಳ ಅಪ್ಪನಿಗೆ ರಜೆ ಸಿಗಲಿಲ್ಲ. ನಾವಿಬ್ಬರೇ ಬಂದೆವು. ಶಿರಸಿಯಲ್ಲಿ ಗೊತ್ತು ಮಾಡಿದ್ದ ಕಾರಿನ ಜೊತೆ ಬಂದವರು ಬಸಣ್ಣ, ಎಕ್ಕಂಬಿಯವರು, ಐವತ್ತೈದರ ಆಸುಪಾಸು. ತಾಲೂಕಿನ ಆ ಮೂಡಣ ಮಗ್ಗುಲಿನ ಮಾತು ನನ್ನ ತವರಿನ ಮಾತಿಗೆ ಹತ್ತಿರ. "ಬರ್ರಿ ಅಕ್ಕಾರ, ಕುಂದರ್ರಿ" ಅಂದಾಗ ಅರ್ಧ ಆಯಾಸ ಇಳಿದಂತಾಯಿತು. ಅವರು ಕುರ್ಚಿಯನ್ನು ಮಡಚಿ ಡಿಕ್ಕಿಗೆ ಹಾಕಲು ಒಪ್ಪಲಿಲ್ಲ. ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಕಟ್ಟಿದರು. ಮೂರು ದಿನವೂ ಆ ಕುರ್ಚಿ ಮನೆಯ ಹಿರಿಯರ ಹಾಗೆ ಅವರ ಪಕ್ಕದಲ್ಲೇ ಕೂತು ಬಂತು, ನಾವು ತಾಯಿ ಮಗಳು ಹಿಂದೆ.

ಮೊದಲ ದಿನ ಊರಾಚೆಯ ಒಂದು ಉದ್ಯಾನಕ್ಕೆ ಹೋದೆವು. ಅಲ್ಲಿ ಗಾಲಿಕುರ್ಚಿಗೆ ದಾರಿ ಇದೆ ಅಂತ ಕೇಳಿದ್ದೆ. ದಾರಿ ಇತ್ತು. ಒಳಗೆ ಹೋಗುವ ಕಡೆ ಮಾತ್ರ ದನ ನುಗ್ಗದಂತೆ ಕಬ್ಬಿಣದ ಸರಳುಗಳನ್ನು ಅಂಕುಡೊಂಕಾಗಿ ನೆಟ್ಟಿದ್ದರು. ಮನುಷ್ಯರು ಮೈ ತಿರುಗಿಸಿ ಹೋಗಬಹುದು. ಟೇಪು ಹಿಡಿಯುವ ಅಗತ್ಯವೂ ಬೀಳಲಿಲ್ಲ. ದೊಡ್ಡ ಗೇಟಿಗೆ ಬೀಗ.

ಕಾವಲಿನವರು ನಿಜಕ್ಕೂ ನೊಂದುಕೊಂಡರು. "ಬೀಗದ ಕೈ ಸಾಹೇಬ್ರ ಹತ್ರ. ಸಾಹೇಬ್ರು ಕಾರವಾರಕ್ಕೆ ಮೀಟಿಂಗಿಗೆ ಹೋಗಿದಾರೆ. ನಾಳೆ ಬರ್ತೀರಾ?"

"ದನ ಅಂದಕೊಂಡ್ರಾ ನನ್ನ?" ಅಂತ ನೀಲಾ ನನ್ನ ಕಿವಿಯಲ್ಲಿ ಕೇಳಿದಳು.

ಬಸಣ್ಣ ಅಂಗಿಯ ತೋಳು ಮಡಚಿದರು. ಅವರು ಒಂದು ಬದಿ, ಕಾವಲಿನವರು ಒಂದು ಬದಿ ಹಿಡಿದು ಕುರ್ಚಿಯನ್ನು ಸರಳುಗಳ ಮೇಲಿಂದ ದಾಟಿಸಿದರು. ಒಳಗೆ ಸಿಮೆಂಟಿನ ಇಟ್ಟಿಗೆ ಹಾಸಿದ ದಾರಿ, ಪ್ರತಿ ಮರಕ್ಕೂ ಹೆಸರಿನ ಫಲಕ, ಒಂದು ಜಾರುಬಂಡೆ, ಬಣ್ಣ ಹೋದ ಸಿಮೆಂಟಿನ ಜಿಂಕೆ. ಇನ್ನೂರು ಮಾರು ಹೋಗುವಷ್ಟರಲ್ಲಿ ಬಂದ ಜಾಗಕ್ಕೇ ಬಂದಿದ್ದೆವು. ಜಿಂಕೆಯ ಹತ್ತಿರ ನೀಲಾ ಗಾಲಿ ಹಿಡಿದು ನಿಂತಳು.

"ಇದು ಪಾರ್ಕಮ್ಮ. ಪಾರ್ಕು ನಮ್ಮಲ್ಲೂ ಅದ."

ನಿಲ್ಕುಂದದ ಹತ್ತಿರ

ಎರಡನೆಯ ದಿನ ಬಸಣ್ಣ ನಮ್ಮನ್ನು ಸಿದ್ದಾಪುರ ತಾಲೂಕಿನ ನಿಲ್ಕುಂದದ ಕಡೆ ಕರೆದುಕೊಂಡು ಹೋದರು. ಮರದ ಲಾರಿ ಓಡಿಸುತ್ತಿದ್ದ ಕಾಲದಿಂದ ಅವರಿಗೆ ಆ ಕಾಡಿನ ದಾರಿಗಳೆಲ್ಲ ಪರಿಚಯ. "ಲಾರಿ ಹೋಗೂ ರಸ್ತೇರಿ ಅಕ್ಕಾರ. ಕುರ್ಚಿ ಹೋಗಂಗಿಲ್ಲೇನು? ಕೊನಿಗೆ ಹೋದ್ರ ಕಣಿವಿ ಕಾಣತೈತಿ. ಸಣ್ಣಕ್ಕಾರಿಗೆ ಖುಷಿ ಆಕ್ಕೈತಿ."

ಲಾರಿ ಹೋಗುತ್ತದೆ, ಸರಿ. ಕುರ್ಚಿಗೆ ಮುಂದೆ ಎರಡು ಪುಟ್ಟ ಗಾಲಿಗಳಿರುತ್ತವೆ, ನನ್ನ ಅಂಗೈಯಷ್ಟು. ಡಿಸೆಂಬರಿನ ಕೆಂಪು ಧೂಳಿನಲ್ಲಿ ಅವು ಹಿಟ್ಟಿಗೆ ಚಮಚ ಇಳಿದಂತೆ ಇಳಿದುಹೋದವು. ನೀಲಾ ಕೈಗವಸು ಹಾಕಿಕೊಂಡು ಬಲವಾಗಿ ತಳ್ಳಿದಳು. ಹಿಂದಿನ ಗಾಲಿ ನಿಂತಲ್ಲೇ ತಿರುಗಿ ಧೂಳು ಎಬ್ಬಿಸಿತು. ನಾನು ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಮುಂಗಾಲಿ ಎತ್ತಿ ಹಿಡಿದು ನೂಕಿದೆ. ಹತ್ತು ಹೆಜ್ಜೆ ನೂಕುವುದು, ನಿಂತು ಉಸಿರು ಬಿಡುವುದು. ಸುತ್ತಲೂ ಆಕಾಶ ಮುಚ್ಚುವ ಮರಗಳು. ನಾನು ನೋಡಿದ್ದು ಮುಂದಿನ ಹೊಂಡ, ಅದರ ಮುಂದಿನ ಕಲ್ಲು. ಬಹಳ ಹೊತ್ತಾದ ಮೇಲೆ ತಿರುಗಿ ನೋಡಿದರೆ ಕಾರು ಕೂಗಳತೆಯಲ್ಲೇ ಇತ್ತು.

ಆಗ ಹಿಂದಿನಿಂದ ಒಂದು ಜೀಪು ಬಂತು. ಅದರಲ್ಲಿ ನಾಲ್ವರು ಗಂಡಸರು, ತೋಟದ ಕೆಲಸಕ್ಕೆ ಹೊರಟವರು. ನಿಲ್ಲಿಸಿ ಇಳಿದರು. ಏನು ಎತ್ತ ಎಂದು ಬಸಣ್ಣನನ್ನು ಕೇಳಿದರು. ಮರುಕ್ಷಣ ನಾಲ್ವರೂ ನಾಲ್ಕು ಕಡೆ ಹಿಡಿದು "ಹೂಂ, ಏಳ್ಲಿ!" ಅಂದರು. ನೀಲಾ ಕುರ್ಚಿಯ ಸಮೇತ ಗಾಳಿಯಲ್ಲಿದ್ದಳು. ಅವರ ಹೆಗಲಿನೆತ್ತರಕ್ಕೆ ಪಲ್ಲಕ್ಕಿಯ ಹಾಗೆ ಏರಿ, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು. ಅವರು ನಗುತ್ತ, ಒಬ್ಬರಿಗೊಬ್ಬರು "ನಿಧಾನ ಮಾರಾಯಾ" ಅನ್ನುತ್ತ, ಧೂಳಿನ ಮೇಲೆ ಸರಾಗ ನಡೆದರು. ಹಿಂದೆ ನಾನು ಬರಿಗೈಯಲ್ಲಿ ಕೈ ಬೀಸಿಕೊಂಡು ನಡೆಯುತ್ತಿದ್ದೆ. ನಿಜ ಹೇಳಬೇಕು, ಆ ಹತ್ತು ನಿಮಿಷ ನನಗೆ ಸುಖವಾಗಿತ್ತು. ಆಗ ಮೊದಲ ಸಲ ತಲೆಯೆತ್ತಿ ಮರಗಳನ್ನು ನೋಡಿದೆ. ಮಗಳ ಮುಖ ನೋಡಲಿಲ್ಲ.

ಕಣಿವೆಯ ಅಂಚಿನಲ್ಲಿ ಇಳಿಸಿದರು. ಅವಳ ಜೊತೆ ಒಂದು ಫೋಟೋ ತೆಗೆಸಿಕೊಂಡರು. ಮತ್ತೆ ಹೊತ್ತು ತಂದು ಕಾರಿನ ಹತ್ತಿರ ಬಿಟ್ಟರು. ನಾನು ಎಷ್ಟು ಬಾರಿ ಕೈಮುಗಿದೆನೋ. "ಇದ್ರಲ್ಲಿ ಎಂತ ಇದೆ ಅಮಾ, ದೇವರು ಒಳ್ಳೇದು ಮಾಡ್ಲಿ" ಅಂತ ಅವರು ಜೀಪು ಹತ್ತಿದರು.

ಕಾರು ಹೊರಟ ಮೇಲೆ ನೀಲಾ ಕಿಟಕಿಯ ಕಡೆ ತಿರುಗಿ ಹೇಳಿದಳು: "ಅವರು ನನ್ನ ಕೇಳಲಿಲ್ಲ."

"ಒಳ್ಳೆ ಜನ ನೀಲಾ. ಸಹಾಯ ಮಾಡಿದ್ರು."

"ಗೊತ್ತು. ಆದ್ರ ಕೇಳಲಿಲ್ಲ. ನೀನೂ ಕೇಳಲಿಲ್ಲ."

"ಏನಂತ ಕೇಳಬೇಕಿತ್ತು? ನಿನ್ನ ಹೊತ್ತು ಹೊತ್ತು ನನ್ನ ಸೊಂಟ ಮುರದದ. ಹತ್ತು ನಿಮಿಷ ಇನ್ನೊಬ್ಬರು ಹೊತ್ರ ನಿನಗೇನು ಹೋತು?"

ವರ್ಷಗಟ್ಟಲೆ ನುಂಗಿಕೊಂಡಿದ್ದ ಮಾತು. ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳಲು ಬರುವುದಿಲ್ಲ. ನೀಲಾ ಅಳಲಿಲ್ಲ. ಕೈಗವಸುಗಳನ್ನು ಒಂದೊಂದಾಗಿ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಬಸಣ್ಣ ಕನ್ನಡಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ, ಹಾಡು ಹಾಕಲು ಹೋದವರು ಕೈ ಹಿಂದಕ್ಕೆ ತೆಗೆದರು.

ಹೇರೂರು

ವಾಪಸು ಬರುವ ದಾರಿಯಲ್ಲಿ ಹೇರೂರು ಸಿಕ್ಕಿತು. ಅಲ್ಲಿ ನೀಲಾಳಿಗೆ ಬಚ್ಚಲಿಗೆ ಹೋಗಬೇಕಾಯಿತು. ಕುರ್ಚಿ ಇಳಿಸಿ ಬಿಡಿಸಿದರೆ ಬಲಗಡೆಯ ದೊಡ್ಡ ಗಾಲಿ ನೆಲಕ್ಕೆ ಅಂಟಿಕೊಂಡಿತ್ತು. ಕಾಡಿನ ಮುಳ್ಳು ತನ್ನ ಕೆಲಸ ಮಾಡಿತ್ತು.

ರಸ್ತೆಯ ಬದಿಯಲ್ಲಿ ಒಬ್ಬ ಅಜ್ಜ ಕವಳ ಹಾಕಿಕೊಂಡು ನಿಂತಿದ್ದರು. ಇಲ್ಲಿಯವರು ಎಲೆ ಅಡಿಕೆಗೆ ಕವಳ ಅನ್ನುತ್ತಾರೆ. ಬಾಯಲ್ಲಿ ಅದಿದ್ದರೆ ಗಲ್ಲ ಎತ್ತಿ, ಒಂದೇ ಶಬ್ದದಲ್ಲಿ ಉತ್ತರ ಮುಗಿಸುತ್ತಾರೆ.

"ಪಂಕ್ಚರ್ ಹಾಕೋರು ಇಲ್ಲಿ ಯಾರಾದರೂ ಇದ್ದಾರಾ?" ಅಂತ ಕೇಳಿದೆ.

"ಇಲ್ಲೆ" ಅಂದರು.

ಇಲ್ಲೇ ಇದ್ದಾರಲ್ಲ ಎಂದು ಸಮಾಧಾನವಾಗಿ ಸುತ್ತ ನೋಡಿದೆ. ಒಂದು ಬೇಲಿ, ಒಂದು ಬಸ್ ತಂಗುದಾಣ, ಮಲಗಿದ ನಾಯಿ.

"ಇಲ್ಲೇ ಅಂದ್ರೆ ಎಲ್ಲಿ?"

"ಇಲ್ಲೆ ಮಾರಾಯ್ರೆ! ಇಲ್ಲೆ!" ಅಜ್ಜ ಕವಳ ಉಗುಳಿ ಬಂದು ಕೂಗಿ ಹೇಳಿದರು. ನಾನು ಬೇಲಿಯಾಚೆ ಇಣುಕಿದೆ.

ಎದುರು ಮನೆಯ ಅಂಗಳದಿಂದ ಯಾರೋ ನಗುವುದು ಕೇಳಿಸಿತು. ಅರವತ್ತು ದಾಟಿದ ಹೆಂಗಸು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. "ನಮ್ಮ ಕಡೆ ಇಲ್ಲೆ ಅಂದ್ರೆ ಇಲ್ಲ ಅಂತ ಅರ್ಥ. ನೀವು ಬೇಲಿ ಹುಡುಕಿದ್ರೆ ಸಿಗ್ತಿಲ್ಲೆ. ಪಂಕ್ಚರ್ ಅಂಗಡಿ ಇಲ್ಲೆ. ಆದ್ರೆ ಆನು ಇದ್ದೆ, ಅಂದ್ರೆ ನಾನು ಇದ್ದೇನೆ ಅಂತ. ಬನ್ನಿ."

ನೀಲಾ ನಕ್ಕುಬಿಟ್ಟಳು. ಆ ದಿನದ ಮೊದಲ ನಗೆ.

ಅವರ ಹೆಸರು ಸಾವಿತ್ರಿ. ಎಲ್ಲರೂ ಸಾವಿತ್ರಕ್ಕ ಅನ್ನುತ್ತಾರಂತೆ. ಹಳ್ಳಿಯ ಅಂಚೆ ಕಚೇರಿಯಲ್ಲಿ ಇದ್ದು, ಸೈಕಲ್ಲಿನ ಮೇಲೆ ಊರೂರಿಗೆ ಟಪಾಲು ಹಂಚಿ ನಿವೃತ್ತರಾದವರು. ಪಂಕ್ಚರಿನ ವಿಷಯ ಆಮೇಲೆ, ಮೊದಲು ಬಚ್ಚಲು ಅಂತ ನಾನು ಸಂಕೋಚದಿಂದ ಹೇಳಿದೆ. ಅವರು ಮುಂದೆ ನಡೆದು ದಾರಿಯಲ್ಲಿದ್ದ ಮಣೆ, ಕೊಡಪಾನ ಎಲ್ಲ ಸರಿಸಿದರು. ಹೊಸ್ತಿಲು ಎತ್ತರವಿತ್ತು. ನನ್ನನ್ನು ಕೇಳದೆ ನೀಲಾಳ ಮುಂದೆ ಬಗ್ಗಿ ನಿಂತರು.

"ತಂಗಿ, ಎಲ್ಲಿ ಹಿಡಿದ್ರೆ ನಿಂಗೆ ಅನುಕೂಲ? ಆನು ಒಂದು ಬದಿ ಹಿಡೀತೆ, ಅಮ್ಮ ಒಂದು ಬದಿ. ಅಡ್ಡಿಲ್ಯನೇ?"

"ಹಂಗಂದ್ರೇನು?" ಅಂದಳು ನೀಲಾ.

"ಅಡ್ಡಿಲ್ಯ ಅಂದ್ರೆ ಆಗಬಹುದಾ ಅಂತ. ಆಗಬಹುದು ಅಂದ್ರೆ ನೀನು ಅಡ್ಡಿಲ್ಲೆ ಅನ್ನವು."

"ಅಡ್ಡಿಲ್ಲೆ" ಅಂದಳು ನೀಲಾ, ಗಂಭೀರವಾಗಿ.

ಆ ಮೇಲೆ "ಆಸ್ರಿಗೆ ಎಂತ ಮಾಡಲಿ?" ಎಂಬ ಪ್ರಶ್ನೆ ಬಂತು. ಬಾಯಾರಿಕೆಗೆ ಏನು ಬೇಕು ಎನ್ನುವುದನ್ನು ಇಲ್ಲಿ ಹೀಗೆ ಕೇಳುತ್ತಾರೆ. ಬೇಡ ಎಂಬ ಉತ್ತರಕ್ಕೆ ಜಾಗವಿಲ್ಲ. ಮುರುಗಲ ಹಣ್ಣಿನ ಕೆಂಪು ಪಾನಕ ಕೊಟ್ಟು, ಸಾವಿತ್ರಕ್ಕ ಜಗುಲಿಯ ಮೂಲೆಯಿಂದ ಒಂದು ಹಳೆ ಬಿಸ್ಕತ್ತಿನ ಡಬ್ಬಿ ತಂದರು. ಸೊಲ್ಯೂಷನ್ನು, ಪ್ಯಾಚು, ಉಜ್ಜುವ ಕಾಗದ, ಎರಡು ಚಪ್ಪಟೆ ಚಮಚ. ಚಮಚದ ಹಿಡಿಕೆಯಿಂದ ಟಯರು ಬಿಡಿಸಿ, ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಹುಡುಕಲು ಜಗುಲಿಯ ಬೆಂಚಿನ ಮೇಲೆ ಕೂತಿದ್ದ ನೀಲಾಳಿಗೆ ಕೊಟ್ಟರು. ಬಸಣ್ಣ ನೆರವಿಗೆ ಬಂದರೆ "ನೀವು ಪಾನಕ ಕುಡೀರಿ" ಅಂದರು. ನಾನು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದೆ. ಹಿಂದಿನ ಕಡೆಯಿಂದ ಬೇಯಿಸಿದ ಅಡಿಕೆಯ ವಾಸನೆ ಬರುತ್ತಿತ್ತು. ಯಾರೂ ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ.

ಕೆಲಸದ ನಡುವೆ ನೀಲಾ ಎಲ್ಲ ಹೇಳಿದಳು. ಪಾರ್ಕು, ಧೂಳು, ನಾಲ್ಕು ಜನ. ನಾನು ಕಾರಿನಲ್ಲಿ ಆಡಿದ ಮಾತು ಮಾತ್ರ ಹೇಳಲಿಲ್ಲ.

"ಕೈಯಲ್ಲೇ ತಳ್ಕ್ಯಂಡು ಹೋಗವು ಅಂತ ಆಸೆ ಅಲ್ದಾ?" ಅಂದರು ಸಾವಿತ್ರಕ್ಕ. "ಎಷ್ಟು ಏರು ಹತ್ತಲಾಗ್ತು ನಿಂಗೆ?"

ನೀಲಾ ಯೋಚಿಸಿದಳು. ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತನ್ನ ಶಾಲೆಯ ಇಳಿಜಾರು ಎಷ್ಟಿದೆ ಎಂದು ಅಂಗೈ ಓರೆ ಮಾಡಿ ತೋರಿಸಿದಳು. ಸಾವಿತ್ರಕ್ಕ ಆ ಅಂಗೈಯನ್ನು ಸ್ವಲ್ಪ ಬಾಗಿಸಿ, "ಇಷ್ಟು?" ಅಂದರು. ನೀಲಾ ತಲೆಯಾಡಿಸಿದಳು. ಇಬ್ಬರೂ ಸೇರಿ ಒಂದು ಅಳತೆಗೆ ಬಂದರು.

"ಹಾಂಗಾದ್ರೆ ಈ ಸಿದ್ದಾಪುರ ಬದಿ ಬ್ಯಾಡ. ಇಲ್ಲಿದ್ದೆಲ್ಲ ಏರು. ಎನ್ನ ತವರುಮನೆ ಯಲ್ಲಾಪುರದ ಬದಿಗೆ. ಅಲ್ಲಿ ಕಾಡಿನ ನಡುವೆ ಹಳೇ ರಸ್ತೆ ಇದ್ದು. ಹೊಸ ರಸ್ತೆ ಆದ ಮೇಲೆ ಅದ್ರಲ್ಲಿ ಬಸ್ಸು ಬತ್ತಿಲ್ಲೆ, ಲಾರಿ ಬತ್ತಿಲ್ಲೆ. ಡಾಂಬರು ಹಾಂಗೇ ಇದ್ದು. ಎತ್ತಿನ ಗಾಡಿ ಕಾಲದ ರಸ್ತೆ, ಎತ್ತಿಗೆ ದಮ್ಮು ಹತ್ತಲಾಗ ಅಂತ ಸುತ್ತು ಹಾಕಿ ಮಾಡಿದ್ದ. ಏರು ಇಲ್ಲವೇ ಇಲ್ಲೆ ಅನ್ನಲಕ್ಕು. ಆನು ಸೈಕಲ್ ಕಲ್ತಿದ್ದೇ ಅಲ್ಲಿ." ಅವರು ಟ್ಯೂಬು ಒಳಗೆ ಸೇರಿಸಿ ಗಾಳಿ ಹೊಡೆದರು. "ಮರ ಗಿರ ಬಿದ್ದಿದ್ರೆ ಎಂಗೆ ಗೊತ್ತಿಲ್ಲೆ."

ಹಳೆ ಕ್ಯಾಲೆಂಡರಿನ ಹಾಳೆಯ ಹಿಂದೆ ದಾರಿ ಬರೆದು, ಅದನ್ನು ಬಸಣ್ಣನಿಗೂ ಅಲ್ಲ, ನನಗೂ ಅಲ್ಲ, ನೀಲಾಳಿಗೆ ಕೊಟ್ಟರು.

ಯಲ್ಲಾಪುರ

ಮೂರನೆಯ ದಿನ ಬೆಳಿಗ್ಗೆ ನನಗೆ ಮಂಚದಿಂದ ಏಳಲು ಆಗಲಿಲ್ಲ. ಮಗ್ಗುಲಾಗಿ, ಮೊಣಕೈ ಊರಿ, ಗೋಡೆ ಹಿಡಿದು ಎದ್ದೆ. ಬಾಗಿಲಲ್ಲಿ ನಿಂತ ಬಸಣ್ಣ ನನ್ನ ನಡಿಗೆ ನೋಡಿ, "ಇವತ್ತ ಬ್ಯಾಡ್ರಿ ಅಕ್ಕಾರ. ಆರಾಮ ಮಾಡ್ರಿ" ಅಂದರು. ನನಗೂ ಅದೇ ಬೇಕಾಗಿತ್ತು. ನೀಲಾ ಆಗಲೇ ಕೈಗವಸು ಹಾಕಿಕೊಂಡು ಕೂತಿದ್ದಳು. ಬೇಡ ಅನ್ನಲು ನಾನು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ನೀ ಕಾರನ್ಯಾಗ ಮಲಕೋ ಅಮ್ಮ. ನಾ ತಳ್ಳು ಅಂತ ಹೇಳೋದಿಲ್ಲ."

ಯಲ್ಲಾಪುರ ದಾಟಿ ಸ್ವಲ್ಪ ದೂರ ಹೋದ ಮೇಲೆ ಕ್ಯಾಲೆಂಡರಿನ ಹಾಳೆಯಲ್ಲಿ ಬರೆದಿದ್ದ ಹಾಗೆಯೇ ಒಂದು ಮುರುಕು ಬಸ್ ತಂಗುದಾಣ, ಅದರ ಹಿಂದೆ ಹಳೆಯ ರಸ್ತೆ. ವಾಹನ ಹೋಗದಂತೆ ಅಡ್ಡಲಾಗಿ ಕಲ್ಲಿನ ಕಂಬಗಳನ್ನು ನೆಟ್ಟಿದ್ದರು. ನಾನು ಟೇಪು ಹಿಡಿದೆ. ನಡುವಿನ ಸಂದು ಮೂವತ್ತು ಇಂಚು. ಓದಿ ಹೇಳಿದ್ದೇ ತಡ, ನೀಲಾ ಎರಡು ಕಂಬಗಳ ಮಧ್ಯೆ ತೂರಿ ಆಚೆ ಹೋಗಿದ್ದಳು. ಮೂರು ದಿನಗಳಲ್ಲಿ ಅವಳು ಯಾರ ಕೈಯೂ ಇಲ್ಲದೆ ದಾಟಿದ ಮೊದಲ ಬಾಗಿಲು ಅದು.

ಬಸಣ್ಣ ಕಾರಿನ ಹತ್ತಿರ ಉಳಿದರು. ನಾನು ಇಪ್ಪತ್ತು ಹೆಜ್ಜೆ ಹಿಂದೆ, ಸೊಂಟಕ್ಕೆ ಕೈ ಕೊಟ್ಟು ನಡೆದೆ. ಡಾಂಬರು ಅಂಚಿನಲ್ಲಿ ತಿಂದುಹೋಗಿದ್ದರೂ ನಡುವೆ ಗಟ್ಟಿಯಾಗಿತ್ತು. ಅದರ ಮೇಲೆ ಸಾಗವಾನಿಯ ಒಣ ಎಲೆ, ಹಪ್ಪಳದಷ್ಟು ದೊಡ್ಡವು. ಕುರ್ಚಿ ಹೋದಂತೆ ಪರಪರ ಮುರಿಯುತ್ತಿದ್ದವು. ಮತ್ತಿ ಮರಗಳ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಸೀಳಿತ್ತು. ಎರಡೂ ಬದಿಯ ಕೊಂಬೆಗಳು ಮೇಲೆ ಕೂಡಿಕೊಂಡು ಬಿಸಿಲು ಚೂರುಚೂರಾಗಿ ಬೀಳುತ್ತಿತ್ತು. ನೀಲಾ ಎರಡು ಸಲ ಬಲವಾಗಿ ತಳ್ಳಿ, ಕೈ ಬಿಟ್ಟು, ಕುರ್ಚಿ ತಾನಾಗಿ ಓಡುವಷ್ಟು ಓಡಿಸಿ, ನಿಂತು ಕಿವಿಗೊಡುತ್ತಿದ್ದಳು. ಮತ್ತೆ ಎರಡು ಸಲ. ತಲೆಯ ಮೇಲೆ ಯಾರೋ ದೊಡ್ಡ ಬೀಸಣಿಗೆ ಬೀಸಿದಂತೆ ಸದ್ದಾಯಿತು. ಮಂಗಟ್ಟೆ ಹಕ್ಕಿಗಳೆರಡು ಆ ಬದಿಯಿಂದ ಈ ಬದಿಗೆ ಹಾರಿದವು. ಅವಳು ತಿರುಗಿ ನನ್ನನ್ನು ನೋಡಲಿಲ್ಲ. ಸಾಮಾನ್ಯವಾಗಿ ಏನು ಕಂಡರೂ ಮೊದಲು ನನ್ನ ಕಡೆ ತಿರುಗುವ ಹುಡುಗಿ.

ಒಂದು ಮೋರಿಯ ಹತ್ತಿರ ರಸ್ತೆ ಬಲಕ್ಕೆ ತಿರುಗುತ್ತಿತ್ತು. ಅಲ್ಲಿ ನಿಂತಳು.

"ಅಮ್ಮ, ನೀ ಈ ಕಟ್ಟೀ ಮ್ಯಾಲೆ ಕೂಡು. ತಿರುವಿನ ಆಚೆ ನಾ ಒಬ್ಬಾಕಿನ ಹೋಗಿ ಬರ್ತೀನಿ."

"ಒಬ್ಬಾಕಿ ಬ್ಯಾಡ. ಪ್ರಾಣಿ ಗೀಣಿ ಇರ್ತಾವ."

"ಹತ್ತು ನಿಮಿಷ."

ಒಳ್ಳೆಯ ತಾಯಿ ಬೇಡ ಅನ್ನುತ್ತಿದ್ದಳು. ಫೋನಿಗೆ ಸಿಗ್ನಲ್ಲು ಇರಲಿಲ್ಲ. ಅವಳ ಕುರ್ಚಿ ಒಮ್ಮೆ ಮಗುಚಿದರೆ ತಾನಾಗಿ ಏಳಲಾರಳು. ಎಲ್ಲ ಗೊತ್ತಿತ್ತು. ಆದರೂ ಹೂಂ ಅಂದೆ. ಧೈರ್ಯದಿಂದ ಅಂದದ್ದಲ್ಲ, ಇನ್ನೊಂದು ಹೆಜ್ಜೆ ಇಡಲು ನನ್ನಿಂದ ಆಗುತ್ತಿರಲಿಲ್ಲ. ಮೋರಿಯ ಕಟ್ಟೆಯ ಮೇಲೆ ಕೂತೆ. ಎಲೆ ಮುರಿಯುವ ಸದ್ದು ದೂರವಾಯಿತು. ಕಲ್ಲು ಬೆಚ್ಚಗಿತ್ತು.

ಕಣ್ಣು ತೆರೆದಾಗ ನೆರಳು ನನ್ನ ಕಾಲಿನಿಂದ ರಸ್ತೆಯ ನಡುವಿಗೆ ಸರಿದಿತ್ತು. ಗಡಿಯಾರ ನೋಡಿದೆ. ನಲವತ್ತು ನಿಮಿಷ.  "ನೀಲಾ!" ಅಂತ ಕೂಗಿದೆ.  ಸೊಂಟದ ನೋವು ಎಲ್ಲಿ ಹೋಯಿತೋ, ಓಡಿದೆ. ತಿರುವಿನಾಚೆ ಮತ್ತೊಂದು ತಿರುವು. ಎಲೆಗಳ ಮೇಲೆ ಗಾಲಿಯ ಎರಡು ಗೆರೆಗಳು ಮುಂದೆ ಮುಂದೆ ಹೋಗುತ್ತಲೇ ಇದ್ದವು. ಅಷ್ಟು ದೂರ ಅವಳು ಹೋಗಿರಲಾರಳು ಅನ್ನಿಸಿತು, ಗೆರೆ ಇನ್ನೂ ಇತ್ತು. ಏನೇನು ಹರಕೆ ಹೊತ್ತೆ, ಯಾವ ದೇವರಿಗೆ, ನೆನಪಿಲ್ಲ.

ರಸ್ತೆಗೆ ಅಡ್ಡವಾಗಿ ಒಂದು ಮರ ಬಿದ್ದಿತ್ತು. ಅದರ ಈಚೆ ಕುರ್ಚಿ ಮಗ್ಗುಲಾಗಿ ಬಿದ್ದಿತ್ತು, ಮುಂಗಾಲಿ ಒಂದು ಕೊಂಬೆಯಲ್ಲಿ ಸಿಕ್ಕಿಕೊಂಡಿತ್ತು. ನೀಲಾ ಎಲೆಗಳ ಮೇಲೆ ಕೂತು ಮರದ ಕಾಂಡಕ್ಕೆ ಬೆನ್ನು ಕೊಟ್ಟಿದ್ದಳು. ಮೊಣಕೈ ತರಚಿ ರಕ್ತ ಬಂದಿತ್ತು. ಕೂದಲ ತುಂಬ ಕಸ. ನನ್ನನ್ನು ಕಂಡು ಕೈ ಬೀಸಿದಳು.

ತಲೆ ಮುಟ್ಟಿದೆ, ಕುತ್ತಿಗೆ ಮುಟ್ಟಿದೆ, ಕಾಲು ಒಂದೊಂದಾಗಿ ಹಿಡಿದು ನೋಡಿದೆ. ಮೂಳೆಗಳು ಸರಿ ಇದ್ದವು. ಆ ಮೇಲೆ ಸಿಟ್ಟು ಬಂತು.

"ಯಾಕ ಕೂಗಲಿಲ್ಲ?"

"ಬೀಳೋಕಿಂತ ಮೊದಲು ಒಮ್ಮೆ ವಾಪಸ್ ಬಂದಿದ್ದೆ. ತಿರುವಿನ ತನಕ. ನೀ ಮಲಗಿದ್ದಿ, ಬಾಯಿ ತಕ್ಕೊಂಡು." ಅವಳು ನನ್ನ ಹಾಗೆ ಬಾಯಿ ತೆರೆದು ತೋರಿಸಿದಳು. "ನೀ ಹಂಗ ಮಲಗಿದ್ದು ನಾ ನೋಡೇ ಇಲ್ಲ. ನಾ ಸ್ವಲ್ಪ ಅಲುಗಾಡಿದ್ರೂ ಎದ್ದು ಕೂಡ್ತಿ. ಎಬ್ಬಿಸೋದು ಬ್ಯಾಡ ಅನ್ನಿಸ್ತು. ಅದಕ್ಕ ಮತ್ತ ಹೋದೆ."

"ಬಿದ್ದ ಮ್ಯಾಲಾದರೂ ಕೂಗಬೇಕಿತ್ತು."

"ನಿನ್ನ ನಿದ್ದಿ ಆಗಲಿ ಅಂತ ಕೂತೆ."

ನನಗೆ ಅವಳನ್ನು ಎತ್ತಲು ಆಗಲಿಲ್ಲ. ಒಮ್ಮೆ ಬಗ್ಗಿ ಪ್ರಯತ್ನಿಸಿದೆ, ಅರ್ಧದಲ್ಲೇ ಕೈ ಬಿಟ್ಟು ಅವಳ ಪಕ್ಕ ಕುಸಿದೆ. ಓಡುವಾಗ ಮಾಯವಾಗಿದ್ದ ನೋವೆಲ್ಲ ಒಟ್ಟಿಗೆ ವಾಪಸಾಯಿತು. ನಿನ್ನೆ ಹಾಗೆ ಅಂದದ್ದು ತಪ್ಪಾಯಿತು ಅಂದೆ. "ನಿನ್ನ ಸೊಂಟ ನೋಯೋದು ಖರೇನ ಅದ" ಅಂದಳು ನೀಲಾ.  ಮರದ ಮೇಲೆ ಕೆಂಪಿರುವೆಗಳ ಸಾಲು ಹೋಗುತ್ತಿತ್ತು. ಎಲೆಗಳ ಮೇಲೆ ಕಾಲು ಚಾಚಿ ನಾವಿಬ್ಬರೂ ಕೂತಿದ್ದೆವು. ಅವಳು ದೊಡ್ಡವಳಾದ ಮೇಲೆ ಹೀಗೆ ನೆಲದ ಮೇಲೆ ಅಕ್ಕಪಕ್ಕ ಕೂತದ್ದೇ ಇಲ್ಲ. ಕೂತರೆ ಏಳಿಸುವುದು ಹೇಗೆಂಬ ಯೋಚನೆ ಮೊದಲೇ ಬಂದುಬಿಡುತ್ತಿತ್ತು.

ತಡವಾಯಿತೆಂದು ಹುಡುಕಿಕೊಂಡು ಬಸಣ್ಣ ಬಂದರು. ನಮ್ಮನ್ನು ಕಂಡು "ಅಯ್ಯೋ ಶಿವನ!" ಎಂದು ಹೆಗಲಿನ ಟವೆಲ್ಲು ತೆಗೆದು ಅವಳ ಮೊಣಕೈಗೆ ಸುತ್ತಿದರು. ಹೇಗೆ ಎತ್ತಬೇಕೆಂದು ನೀಲಾ ಹೇಳಿಕೊಟ್ಟಳು. ತೊಡೆಯ ಕೆಳಗೆ ಒಂದು ಕೈ, ಬೆನ್ನ ಹಿಂದೆ ಒಂದು ಕೈ, ಕಂಕುಳಲ್ಲಿ ಹಿಡಿಯಬಾರದು, ಭುಜ ನೋಯುತ್ತದೆ. ಬಸಣ್ಣ ಡ್ರೈವಿಂಗ್ ಕಲಿಯುವವರ ಹಾಗೆ ಒಂದೊಂದನ್ನೂ ಕೇಳಿಕೊಂಡು ಮಾಡಿದರು. ಕುರ್ಚಿಯಲ್ಲಿ ಕೂತ ಮೇಲೆ ಅವಳು ಕೈಗವಸು ಬಿಚ್ಚಿದಳು. ಅಂಗೈಯಲ್ಲಿ ಎರಡು ಬೊಬ್ಬೆ ಒಡೆದಿದ್ದವು.

"ಈಗ ತಳ್ರಿ" ಅಂದಳು. ಬಸಣ್ಣ ತಳ್ಳಿದರು, ಇಬ್ಬರೂ ಮಾತಾಡುತ್ತ ಮುಂದೆ ಹೋದರು, ನಾನು ಕುಂಟುತ್ತ ಹಿಂದೆ ಉಳಿದೆ.

ಯಲ್ಲಾಪುರದ ಒಂದು ಸಣ್ಣ ಲಾಡ್ಜಿನಲ್ಲಿ ಆ ಸಂಜೆ ಉಳಿದೆವು. ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ನೀಲಾ ತೋಳು ಎತ್ತಲಾರದೆ ಕೂತಿದ್ದಳು. ಚಮಚವನ್ನೂ ನಾನೇ ಹಿಡಿಯಬೇಕಾಯಿತು. ಮಸ್ಕತ್ತಿಗೆ ಹೋದ ಮೇಲೆ ಡಾಕ್ಟರಮ್ಮನಿಂದ ಬೈಸಿಕೊಳ್ಳುವುದು ಖಂಡಿತ. ಅವಳ ಅಪ್ಪನಿಗೆ ಫೋನು ಹಚ್ಚಿ ದಿಂಬಿನ ಮೇಲೆ ಇಟ್ಟು, ನಾನು ಹಿಂದೆ ಕೂತು ಅವಳ ಕೂದಲಿನಿಂದ ಒಣ ಎಲೆ ಆಯತೊಡಗಿದೆ.

"ಅಪ್ಪಾ, ಎರಡನೇ ತಿರುವಿನ ಹತ್ರ ನಂಗ ಕೈ ಸೋತಿತ್ತು. ಸುಮ್ನ ಕೂತಿದ್ದೆ. ಸದ್ದೇ ಇರಲಿಲ್ಲ. ಆಗ ಎಲಿ ಸರಿದಂಗಾತು. ನೋಡಿದ್ರ ಒಂದು ಜಿಂಕಿ, ಸಣ್ಣದು, ಕೆಂಪಗ. ಬಸಣ್ಣ ಅದಕ್ಕ ಕಾಡಕುರಿ ಅಂತಾರಂತ ಹೇಳಿದ್ರು. ನಿಂತು ನನ್ನ ಕುರ್ಚೀನ ನೋಡಿತು. ನಾ ಉಸಿರು ಹಿಡಕೊಂಡಿದ್ದೆ. ಅದು ಮುಂದಿನ ಕಾಲು ಎತ್ತಿ ಒಂದು ಹೆಜ್ಜಿ ನನ್ನ ಕಡೇನ ಬಂತು..."

ನನ್ನ ಕೈ ನಿಂತಿತು. ಇದನ್ನು ಅವಳು ನನಗೆ ಹೇಳಿರಲಿಲ್ಲ. ಅವಳ ಮೊದಲ ಹಲ್ಲು, ಕೊನೆಯ ಹೆಜ್ಜೆ, ಆಸ್ಪತ್ರೆಯ ಒಂದೊಂದು ಸೂಜಿ, ಶಾಲೆಯ ಒಂದೊಂದು ಜಗಳ, ಎಲ್ಲದರಲ್ಲೂ ನಾನಿದ್ದೆ. ಅವಳ ಅಪ್ಪ ಏನು ಕೇಳಿದರೂ ಅವಳಿಗಿಂತ ಮೊದಲು ಉತ್ತರ ಹೇಳುವವಳು ನಾನೇ. ಆ ಕಾಡಕುರಿಯನ್ನು ನಾನು ನೋಡಿರಲಿಲ್ಲ.

ನೀಲಾ ಮಾತು ನಿಲ್ಲಿಸಿ ನೀರು ಬೇಕೆಂದು ಕಣ್ಣಲ್ಲಿ ತೋರಿಸಿದಳು. ಕುಡಿಸಿದೆ. ಫೋನಿನಲ್ಲಿ ಅವಳ ಅಪ್ಪ ಏನೋ ಕೇಳಲು ಹೊರಟಿದ್ದರು. ನಾನು ಮುಂದಕ್ಕೆ ಸರಿದು ಅವರಿಗಿಂತ ಮೊದಲು ಕೇಳಿದೆ:

"ಆಮ್ಯಾಲ ಏನಾತು?"